ದಸರೆಯೊಳಗೆ ಪೈಥಾನ್ ಕಲಿಯಬೇಕಾದ ವರ್ಷ

ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ಜನರೇಟರ್ ರಿಪೇರಿಯ ಅಂಗಡಿಯೊಂದಿದೆ. ಕಳೆದ ವಾರ ಅದರ ಮುಂದೆ ಹಾದು ಹೋಗುತ್ತಿದ್ದಾಗ, ಓಡುತ್ತಿದ್ದ ಜನರೇಟರಿನ ಮುಂದೆಯೇ ಯಾರೋ ತೆಂಗಿನಕಾಯಿ ಒಡೆದರು. ನೀರು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಚುರ್ ಎಂದಿತು. ಸಿಹಿಯಾಗಿ ಸುಟ್ಟ ವಾಸನೆ, ಅದರ ಜೊತೆಗೆ ಊದುಬತ್ತಿ, ಡೀಸೆಲ್ಲು. ಯಂತ್ರ ಹೊಸದು. ಕೊಂಡವನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಯಂತ್ರವನ್ನು ಆರಿಸಿ ಕಾಯಿ ಒಡೆದಿದ್ದರೆ ದೇವರು ಬೇಡ ಎನ್ನುತ್ತಿದ್ದನೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ, ಊರಿಗೂ ಸಾಕಾಗಿದೆ. ಆದರೆ ಆ ವಾಸನೆ ಒಂದು ಇಡೀ ಮಳೆಗಾಲವನ್ನು ಕಿವಿ ಹಿಡಿದು ಎಳೆದು ತಂದಿತು. ಆಷಾಢದಿಂದ ದಸರೆಯವರೆಗಿನ ಆ ಕೆಲವು ತಿಂಗಳಲ್ಲಿ ನಾನು ಕಂಡಷ್ಟು ಮೂರ್ಖತನವನ್ನು ವಾಯುಪಡೆಯ ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

ವಾಯುಪಡೆಯಲ್ಲಿ ವೈರ್‌ಲೆಸ್ ಸೆಟ್‌ಗಳನ್ನು ನೋಡಿಕೊಳ್ಳುವ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ನಾನು ಸೇರಿದ್ದು ಭತ್ತ ಕೊಂಡು ಅಕ್ಕಿ ಮಾಡಿ ಮಾರುವ ಒಂದು ಕಂಪನಿಯನ್ನು. ರೈಸ್ ಮಿಲ್ಲು ಮತ್ತು ಲಾರಿ ತೂಗುವ ವೇ ಬ್ರಿಡ್ಜು ತಿ. ನರಸೀಪುರದಲ್ಲಿ, ಕಚೇರಿ ಮತ್ತು ಪ್ಯಾಕಿಂಗ್ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. ಎರಡೂ ಕಡೆಯ ಕಂಪ್ಯೂಟರುಗಳು ನನ್ನ ಸುಪರ್ದಿನಲ್ಲಿದ್ದವು. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಪ್ರತಿ ದಸರೆಗೆ ಒಂದು ಪತ್ರ ಕೊಟ್ಟು ಇನ್ನೊಂದು ವರ್ಷ ಮುಂದುವರಿಸುತ್ತಿದ್ದರು. ನನ್ನ ಮೇಲಿನ ಪ್ರೀತಿಯಿಂದಲ್ಲ. ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ತೆಗೆಯುವ ಇನ್ನೊಬ್ಬ ಮನುಷ್ಯ ಅವರಿಗೆ ಸಿಕ್ಕಿರಲಿಲ್ಲ.

ಕೆಲಸವೇನೂ ದೊಡ್ಡದಲ್ಲ. ಬೆಳಿಗ್ಗೆ ಬಂದು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವುದು, ಹಳೆಯ ಕಸ ತೆಗೆಯುವುದು, ಹೊಸಬರಿಗೆ ಲಾಗಿನ್ ಮಾಡಿಕೊಡುವುದು, ಸಂಜೆ ಆ ದಿನದ ಮಾಹಿತಿಯನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡುವುದು. ಕಂಪನಿಯ ಸಮಸ್ತವೂ ನಂಜನಗೂಡಿನ ಸರ್ವರ್ ಪಕ್ಕದಲ್ಲಿದ್ದ ಒಂದು ಡಿಸ್ಕ್ ಪೆಟ್ಟಿಗೆಯಲ್ಲಿತ್ತು. ಅದರ ಒಂದು ನಕಲು ಅದೇ ಕೋಣೆಯಲ್ಲಿ, ಇನ್ನೊಂದು ನರಸೀಪುರದಲ್ಲಿ. ಇಲ್ಲಿಯದನ್ನು ನಾನು ತೆಗೆಯುತ್ತಿದ್ದೆ, ಅಲ್ಲಿಯದನ್ನು ಮಹದೇವಮ್ಮ ತೆಗೆಯುತ್ತಿದ್ದಳು. ಹಲ್ಲುಜ್ಜುವುದನ್ನು ಯಾರೂ ಸಾಧನೆ ಎನ್ನುವುದಿಲ್ಲ, ಇದೂ ಅಷ್ಟೇ. ಆದರೆ ಬಿಟ್ಟರೆ ಗೊತ್ತಾಗುತ್ತದೆ.

ಮಹದೇವಮ್ಮ ಬದನವಾಳಿನಲ್ಲಿ ರಾಟೆ ತಿರುಗಿಸಿ ನೂಲು ತೆಗೆದ ತಾಯಿಯ ಮಗಳು. ಮದುವೆಯಾಗಿ ನರಸೀಪುರಕ್ಕೆ ಬಂದವಳು. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತಿದ್ದಳು. ನಮ್ಮಲ್ಲಿಗೆ ಬರುವ ಮುಂಚೆ ಕೆಲವು ವರ್ಷ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗಿ ಕಾಲರ್ ಹೊಲಿದಿದ್ದಳು. ನೀರು ಕುಡಿಯಲು ಎದ್ದರೂ ಮೇಲ್ವಿಚಾರಕ ಗಡಿಯಾರ ನೋಡುತ್ತಿದ್ದ ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲ ಎನ್ನುವುದು ಅವಳ ಒಂದೇ ಹಟ. ನಮ್ಮಲ್ಲಿ ಅವಳದು ಗುತ್ತಿಗೆಯ ಕೆಲಸ. ಅದೂ ದಸರೆಗೆ ಮುಗಿದು ದಸರೆಗೆ ಮುಂದುವರಿಯುವಂಥದ್ದು. ಮಾತು ಹೆಚ್ಚು. ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಾಳೆ. ಕೀಬೋರ್ಡಿನ ಪಕ್ಕದಲ್ಲಿ ಹುರಿಗಡಲೆ ಇಟ್ಟುಕೊಳ್ಳುತ್ತಾಳೆ. ಇವೆಲ್ಲ ನನಗೆ ಆಗುತ್ತಿರಲಿಲ್ಲ. ಆದರೆ ಸಂಜೆಯ ನಕಲನ್ನು ಅವಳು ತಪ್ಪಿಸಿದ್ದನ್ನು ನಾನು ಕಾಣೆ.

ಆ ಆಷಾಢದಲ್ಲಿ ಮಾಲೀಕರು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ನಡೆದ ಉದ್ಯಮಿಗಳ ಸಭೆಗೆ ಹೋಗಿ ಒಂದು ಶಬ್ದವನ್ನು ಹೊತ್ತು ತಂದರು: ಆಟೊಮೇಷನ್. ಮಕ್ಕಳು ಜಾತ್ರೆಯಿಂದ ಪೀಪಿ ತಂದು ಮನೆಯವರ ತಲೆ ತಿನ್ನುವಂತೆ, ಅದನ್ನು ಅವರು ಊಟದ ಹೊತ್ತಿಗೂ ಊದತೊಡಗಿದರು. ಜೊತೆಗೆ ತಮ್ಮ ಭಾವಮೈದುನನ ಮಗ ನಿಶಾಂತನನ್ನು ಕರೆತಂದು ನನ್ನ ಮೇಲೆ ಸಿಸ್ಟಮ್ಸ್ ಹೆಡ್ ಎಂದು ಕೂರಿಸಿದರು. ಹುಡುಗನಿಗೆ ಇಂಜಿನಿಯರಿಂಗ್ ಪದವಿಯಿತ್ತು, ಎರಡು ಫೋನುಗಳಿದ್ದವು, ಬೆಳಿಗ್ಗೆ ಏಳುವ ಅಭ್ಯಾಸವಿರಲಿಲ್ಲ. ನನ್ನನ್ನು ಅಂಕಲ್ ಎಂದು ಕರೆದ. ನನಗೆ ಅವನಂಥ ಅಣ್ಣನ ಮಗ ಇಲ್ಲದ್ದಕ್ಕೆ ಆ ದಿನ ಸಂತೋಷಪಟ್ಟೆ.

ಮೊದಲ ಮೀಟಿಂಗಿನಲ್ಲೇ ತೀರ್ಮಾನ ಹೇಳಿದರು. ಸಿಸ್ಟಮ್ಸ್ ವಿಭಾಗದವರೆಲ್ಲ ದಸರೆಯೊಳಗೆ ಪೈಥಾನ್ ಎಂಬ ಭಾಷೆ ಕಲಿಯಬೇಕು. ದಿನಾ ಕೈಯಲ್ಲಿ ಮಾಡುವ ಕೆಲಸಗಳನ್ನೆಲ್ಲ ಆ ಭಾಷೆಯಲ್ಲಿ ಬರೆದಿಟ್ಟರೆ ಕಂಪ್ಯೂಟರ್ ತಾನೇ ಮಾಡಿಕೊಳ್ಳುತ್ತದೆ. ಹಾಗೆ ಬರೆದಿಟ್ಟದ್ದನ್ನು ಸ್ಕ್ರಿಪ್ಟ್ ಎನ್ನುತ್ತಾರೆ. ಅದಾದ ಮೇಲೆ ವಿಭಾಗದಲ್ಲಿ ಒಬ್ಬರು ಕಡಿಮೆಯಾಗುತ್ತಾರೆ.

“ಪಾಲುದಾರರಿಗೆ ಮಾತು ಕೊಟ್ಟಿದ್ದೀನಿ ಕಣ್ರೀ,” ಎಂದರು ಮಾಲೀಕರು. “ಒಂದು ತಲೆ ಕಡಿಮೆ ಮಾಡ್ಲೇಬೇಕು.”

ವಿಭಾಗದಲ್ಲಿ ಇದ್ದದ್ದು ನಾವು ಮೂವರು. ಒಬ್ಬ ಸಂಬಂಧಿಕ, ಒಬ್ಬ ನಾನು. ಯಾವ ತಲೆ ಎಂದು ಯಾರೂ ಕೇಳಲಿಲ್ಲ.

ಆ ಶನಿವಾರ ನಾನು ನರಸೀಪುರಕ್ಕೆ ಹೋದಾಗ ಮಹದೇವಮ್ಮನಿಗೆ ಸುದ್ದಿ ತಲುಪಿತ್ತು. ವೇ ಬ್ರಿಡ್ಜಿನ ಪಕ್ಕದ ಶೀಟಿನ ಕೋಣೆ ಅವಳದು. ಹೊರಗೆ ಲಾರಿಗಳು, ತೌಡಿನ ಧೂಳು, ಜಿನುಗುವ ಮಳೆ.

“ಸಾ, ನಂದೊಂದ್ ಡೌಟು,” ಎಂದಳು. “ನಾನ್ ಮಾಡೋ ಕೆಲ್ಸಾನೆಲ್ಲ ನಾನೇ ಅದ್ಕೆ ಕಲ್ಸ್‌ಬುಟ್ರೆ, ಆಮ್ಯಾಕೆ ನನ್ನ ಯಾಕ್ ಮಡಿಕತಾರೆ?”

“ಕಲಿಯದಿದ್ದರೂ ಇಟ್ಟುಕೊಳ್ಳುವುದಿಲ್ಲ,” ಎಂದೆ.

“ಅಂಗಾರೆ ಕಲ್ತು ಓಗದು, ಕಲೀದೆ ಓಗದು. ಎರಡ್ರಲ್ಲೂ ಓಗದೇಯ.”

“ಕಲಿತು ಹೋದರೆ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. ಮೊದಲು ಆ ಹುರಿಗಡಲೆ ತೆಗಿಯಮ್ಮ.”

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬರುವವರನ್ನು ನೋಡಿದ್ದೇನೆ, ಹೇಳಿ ಮುಗಿಸಿ ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ.

ಕಲಿಸಲು ಮೈಸೂರಿನಿಂದ ಒಬ್ಬ ತರಬೇತುದಾರ ಬಂದ. ಪರದೆಯ ಮೇಲಿನ ಮೊದಲ ಚಿತ್ರದಲ್ಲಿ ಒಂದು ಹೆಬ್ಬಾವು, ಎರಡನೆಯದರಲ್ಲಿ ಅವನದೇ ಫೋಟೊ. ಮೊದಲ ತರಗತಿಯೆಲ್ಲ ಆ ಭಾಷೆಯನ್ನು ಜಗತ್ತಿನಲ್ಲಿ ಯಾರು ಯಾರು ಬಳಸುತ್ತಾರೆ ಎಂಬುದರಲ್ಲೇ ಮುಗಿಯಿತು. ಅವರೆಲ್ಲ ಬಳಸಲಿ, ನಮ್ಮ ಡಿಸ್ಕಿನ ಕಸ ತೆಗೆಯುವುದು ಹೇಗೆ ಎಂದು ಕೇಳಿದೆ. “ಅದು ಅಡ್ವಾನ್ಸ್ಡ್ ಸರ್, ಮುಂದೆ ಬರುತ್ತೆ,” ಎಂದ. ಎರಡನೆಯ ತರಗತಿಗೆ ಅವನು ತಡವಾಗಿ ಬಂದು ಬೇಗ ಹೋದ. ಮೂರನೆಯದಕ್ಕೆ ಬರಲೇ ಇಲ್ಲ.

ಅದಕ್ಕೆ ಅವನೊಬ್ಬನನ್ನೇ ದೂರುವಂತಿಲ್ಲ. ನಮ್ಮ ಹೊಳೆಯ ಸ್ವಭಾವವೇ ಹಾಗೆ. ನಂಜನಗೂಡಿನಲ್ಲಿ ಕೊಡೆ ಬಿಚ್ಚುವಷ್ಟು ಮಳೆಯಿರುವುದಿಲ್ಲ, ಅತ್ತ ವಯನಾಡಿನಲ್ಲಿ ಸುರಿಯುತ್ತದೆ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟರೆಂದರೆ ಬಿಸಿಲಿನಲ್ಲೇ ಕಪಿಲೆ ಕೆಂಪಾಗಿ ಏರಿ ಬರುತ್ತಾಳೆ. ಆ ವರ್ಷ ಸ್ನಾನಘಟ್ಟದ ಮಂಟಪ ಮುಳುಗಿತು, ಮೈಸೂರು ರಸ್ತೆಗೆ ನೀರು ಬಂತು. ಊರಿನ ಅರ್ಧ ಜನ ಸಾಮಾನು ಎತ್ತಿಡುತ್ತಿದ್ದರೆ, ಇನ್ನರ್ಧ ನೀರಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಿಶಾಂತ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದ. ಕಚೇರಿಯಿಂದ ಮಾಡದವನು ಮನೆಯಿಂದ ಏನು ಮಾಡುತ್ತಾನೆ ಎಂದು ನಾನು ಕೇಳಲಿಲ್ಲ.

ರಸ್ತೆ ತೆರೆದಾಗ ತರಬೇತುದಾರನ ಹುಮ್ಮಸ್ಸು ಹರಿದು ಹೋಗಿತ್ತು. ಹೀಗಾಗಿ ಕಲಿಯುವುದನ್ನು ನಾನೇ ವಹಿಸಿಕೊಂಡೆ. ನನ್ನ ವಿಧಾನ ಹಳೆಯದು. ಒಂದು ಕೆಲಸವನ್ನು ತೆಗೆದುಕೊಂಡು, ಮೊನ್ನೆ ತಾನೇ ಭರ್ತಿಯಾದ, ಕಣ್ಣಿದ್ದೂ ನೋಡದ ರಂಗ್ರೂಟನಿಗೆ ಹೇಗೆ ಹೇಳಬೇಕೋ ಹಾಗೆ ಒಂದೊಂದೇ ಹೆಜ್ಜೆಯನ್ನು ಕನ್ನಡದಲ್ಲಿ ಬರೆಯುವುದು. ಆಮೇಲೆ ಆ ಒಂದೊಂದು ಹೆಜ್ಜೆಗೂ ಪೈಥಾನಿನಲ್ಲಿ ಏನೆನ್ನುತ್ತಾರೆ ಎಂದು ಹುಡುಕುವುದು. ಕಂಪ್ಯೂಟರು ಎಂಬುದು ಹೇಳಿದ್ದನ್ನಷ್ಟೇ ಮಾಡುವ, ಹೇಳಿದ್ದನ್ನೆಲ್ಲ ಮಾಡುವ ರಂಗ್ರೂಟ. ಅದನ್ನು ಬುದ್ಧಿವಂತ ಎನ್ನುವವರು ಅದರ ಹತ್ತಿರ ಕುಳಿತು ದುಡಿದವರಲ್ಲ.

ಆ ಭಾಷೆಯ ಮೇಲೆ ಮಾತ್ರ ನನಗೆ ಅಸಡ್ಡೆ ಬರಲಿಲ್ಲ. ಅದರಲ್ಲಿ ಸಾಲುಗಳು ಕವಾಯತಿನಂತೆ ನಿಲ್ಲಬೇಕು. ಒಂದು ಕೆಲಸದ ಒಳಗಿನ ಕೆಲಸವನ್ನು ಅಷ್ಟೇ ಜಾಗ ಬಿಟ್ಟು ಒಳಗೆ ಬರೆಯಬೇಕು. ಒಂದು ಸಾಲು ಚೂರು ಮುಂದೆ ಬಂದರೂ ಓಡುವುದಿಲ್ಲ. ತರಬೇತುದಾರ ಇದನ್ನು ಭಾಷೆಯ ತೊಂದರೆ ಎಂದಿದ್ದ. ಶಿಸ್ತು ಕಂಡಲ್ಲೆಲ್ಲ ಈಗಿನವರಿಗೆ ತೊಂದರೆ ಕಾಣುತ್ತದೆ.

ಪ್ರತಿ ಶನಿವಾರ ನರಸೀಪುರದ ಬಸ್ಸು ಹಿಡಿದು ಮಹದೇವಮ್ಮನ ಜೊತೆ ಕೂರುತ್ತಿದ್ದೆ. ಶೀಟಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಹಳೆಯ ಕಸ ತೆಗೆಯುವ ಸ್ಕ್ರಿಪ್ಟನ್ನು ಮೊದಲು ಬರೆದೆವು. ಓಡಿಸಿದ ಕೂಡಲೇ ತಪ್ಪು ಎಂದು ಕೆಂಪಕ್ಷರದಲ್ಲಿ ತೋರಿಸಿತು. ಯಾವ ಸಾಲಿನಲ್ಲಿ ಎಂದೂ ಹೇಳಿತು. ಆ ಸಾಲನ್ನು ಎಷ್ಟು ನೋಡಿದರೂ ತಪ್ಪಿಲ್ಲ. ತಪ್ಪು ಅದರ ಮೇಲಿನ ಸಾಲಿನಲ್ಲಿತ್ತು.

“ಇದು ನಮ್ಮತ್ತೆ ಇದ್ದಂಗದೆ ಸಾ,” ಎಂದಳು ಮಹದೇವಮ್ಮ. “ಕ್ವಾಪ ಬರದು ಬೆಳಿಗ್ಗೆ ಕಾಪೀಗೆ, ಬಯ್ಯದು ರಾತ್ರಿ ಮುದ್ದೆಗೆ. ತಪ್ಪು ಎಲ್ಲದೆ ಅಂತ ನಾವೇ ಉಡಿಕಬೇಕು.”

ನಗುವುದು ಪಾಠದ ಭಾಗವಲ್ಲ ಎಂದು ನಾನು ಬಾಯಿ ಬಿಗಿಹಿಡಿದೆ. ಆದರೆ ಆಮೇಲೆ ತಪ್ಪು ಬಂದಾಗಲೆಲ್ಲ ಅವಳು ಕಂಪ್ಯೂಟರು ಹೇಳಿದ ಸಾಲನ್ನು ಬಿಟ್ಟು ಮೇಲಿನ ಸಾಲನ್ನು ಮೊದಲು ನೋಡುತ್ತಿದ್ದಳು. ಮುಂದಿನ ವಾರಗಳಲ್ಲಿ ಲಾಗಿನ್ ಮಾಡುವುದು, ಜಾಗ ನೋಡುವುದು ಎಲ್ಲ ಸ್ಕ್ರಿಪ್ಟಾದವು. ವೇ ಬ್ರಿಡ್ಜಿನ ಡ್ರೈವರುಗಳು ಕಿಟಕಿಯಲ್ಲಿ ಇಣುಕಿ, “ಏನ್ ಮಾದೇವಕ್ಕಾ, ಮೇಷ್ಟ್ರು ಮಗ್ಗಿ ಕೇಳ್ತಾವ್ರ?” ಎಂದು ಛೇಡಿಸುತ್ತಿದ್ದರು. “ಊಂ ಕಣ್ಲಾ, ನಿನ್ ಲಾರಿ ತೂಕನೂ ಕೇಳ್ತಾರಂತೆ, ಒಳಗ್ ಬಾ,” ಎಂದರೆ ಇಣುಕಿದ ತಲೆ ಮಾಯವಾಗುತ್ತಿತ್ತು.

ಉಳಿದದ್ದು ಸಂಜೆಯ ನಕಲು. ಅದರಲ್ಲಿ ಒಂದು ಅಪಾಯವಿತ್ತು. ನಕಲು ಅಸಲಿನಂತೆಯೇ ಇರಬೇಕು. ಆದ್ದರಿಂದ ಅಸಲಿನಲ್ಲಿ ಅಳಿಸಿದ್ದನ್ನು ಸ್ಕ್ರಿಪ್ಟು ನಕಲಿನಲ್ಲೂ ಅಳಿಸುತ್ತದೆ. ಅವಳು ಬರೆದದ್ದನ್ನು ಓದಿ, “ಇದು ಓಡುವ ಹೊತ್ತಿಗೆ ನಂಜನಗೂಡಿನ ಡಿಸ್ಕೇ ಅಲ್ಲಿಲ್ಲದಿದ್ದರೆ?” ಎಂದು ಕೇಳಿದೆ.

“ಇಲ್ದೆ ಎಲ್ಗೋದದು ಸಾ? ಡಿಸ್ಕೇನ್ ಮೇಕೆನಾ, ಮೇಯಕೋಗಕೆ?”

“ಹೋಗಿದ್ದರೆ?”

“ಓಗಿದ್ರೆ... ಅಲ್ಲಿ ಏನೂ ಇಲ್ಲ ಅಂತ ಇಲ್ಲೂ ಎಲ್ಲಾನೂ ಅಳುಸ್ಬುಡ್ತದೆ.” ಅವಳು ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯೋ ಸಿವ್ನೆ.”

ವಾಯುಪಡೆಯಲ್ಲಿ ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡವನ್ನು ತೆಗೆಯುವ ಮುಂಚೆ ತೆಗೆಯುವವನು ನೋಡಬೇಕು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬ ಕೇಳಬೇಕು. ಹಾಗೆಯೇ ಬರೆಸಿದೆ. ಸ್ಕ್ರಿಪ್ಟು ಮೊದಲು ಅಲ್ಲಿ ಎಷ್ಟಿದೆ ಎಂದು ನೋಡಬೇಕು. ನಿನ್ನೆಗಿಂತ ತೀರ ಕಡಿಮೆಯಿದ್ದರೆ ಯಾವುದನ್ನೂ ಮುಟ್ಟದೆ ನಿಂತು ಕೂಗಬೇಕು. “ಇಷ್ಟುದ್ದ ಬರೀಬೇಕಾ ಸಾ, ಯಾವತ್ತೋ ಒಂದಿನ ಆಗೋದ್ಕೆ?” ಎಂದು ಗೊಣಗುತ್ತಲೇ ಬರೆದಳು. ಕೂಗುವ ಮಾತನ್ನು ಮಾತ್ರ ತನ್ನಿಷ್ಟದಂತೆ ಬರೆದಳು: ‘ನಂಜನಗೂಡಲ್ಲಿ ಏನೂ ಕಾಣ್ತಿಲ್ಲ. ನಾನು ಮುಟ್ಟಲ್ಲ. ಬಂದು ನೋಡಿ.’

ನಂಜನಗೂಡಿನ ನಕಲಿನ ಸ್ಕ್ರಿಪ್ಟನ್ನು ನಿಶಾಂತ ತಾನೇ ಮಾಡುತ್ತೇನೆ ಎಂದಿದ್ದ. ಮಾಡಿದ್ದು ಅವನ ಫೋನು. ಅದಕ್ಕೆ ಒಂದು ಪ್ರಶ್ನೆ ಕೇಳಿದ, ಅದು ಕೊಟ್ಟದ್ದನ್ನು ಸರ್ವರಿಗೆ ಅಂಟಿಸಿದ, ಕೈ ಕೊಡವಿದ. ಹೋಟೆಲಿನಿಂದ ಪಾರ್ಸಲ್ ತರಿಸಿದವನು ಪೊಟ್ಟಣ ಬಿಚ್ಚಿಯಾದರೂ ನೋಡುತ್ತಾನೆ. ಇವನು ಅದನ್ನೂ ಮಾಡಿರಲಿಲ್ಲ. ನಾನು ಓದಿದೆ. ಅಳಿಸುವ ಸಾಲು ಇತ್ತು, ನೋಡುವ ಸಾಲು ಇರಲಿಲ್ಲ.

“ಅಂಕಲ್, ಅದೆಲ್ಲ ವರ್ಸ್ಟ್ ಕೇಸ್,” ಎಂದ ನಿಶಾಂತ. “ನಮ್ಮಲ್ಲಿ ಎಲ್ಲಿ ಆಗತ್ತೆ? ಡಿಸ್ಕ್ ಯಾವಾಗ್ಲೂ ಕನೆಕ್ಟ್ ಆಗೇ ಇರತ್ತಲ್ವಾ?”

“ಇಲ್ಲದ ದಿನಕ್ಕೇ ಈ ಸಾಲು ಬೇಕಾಗಿರುವುದು.”

“ನಿಮ್ಮದು ಮಿಲಿಟರಿ ಥಿಂಕಿಂಗ್ ಅಂಕಲ್. ಸ್ವಲ್ಪ ಚಿಲ್ ಆಗಿ.”

ಮಾಲೀಕರಿಗೂ ಹೇಳಿದೆ. “ಅವನು ಇಂಜಿನಿಯರು ಕಣ್ರೀ,” ಎಂದರು. ಆ ಮಾತನ್ನು ಉತ್ತರ ಸಿಗದ ಹಾಗೆಯೇ ಹೇಳುತ್ತಾರೆ.

ಹೊಳೆ ಇಳಿಯಿತು, ಗಣಪತಿಗಳು ಅದರಲ್ಲಿ ಮುಳುಗಿದವು, ಬಿಸಿಲು ಬಂತು, ದಸರೆ ಬಂತು. ಆಯುಧಪೂಜೆಗೆ ನಮ್ಮ ಕಡೆ ದುಡಿಯುವ ಸಾಮಾನುಗಳೆಲ್ಲ ದುಡಿಮೆ ನಿಲ್ಲಿಸಿ ದೇವರ ಮುಂದೆ ಕೂರುತ್ತವೆ. ಸ್ಪ್ಯಾನರು, ತಕ್ಕಡಿ, ಗೋಣಿ ಹೊಲಿಯುವ ದಬ್ಬಣ ಎಲ್ಲವೂ ಹಲಗೆಯ ಮೇಲೆ, ಕುಂಕುಮ ಇಟ್ಟುಕೊಂಡು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದವರೆಗೆ ತೆಗೆಯುವಂತಿಲ್ಲ. ಈ ಪದ್ಧತಿಯ ಮೇಲೆ ನನಗೆ ದೂರಿಲ್ಲ. ಸಾಮಾನಿಗೆ ವರ್ಷಕ್ಕೊಮ್ಮೆ ಗೌರವ ಕೊಡದವನು ಅದನ್ನು ಒರೆಸುವುದೂ ಇಲ್ಲ. ಸರ್ವರ್ ಕೋಣೆಯಲ್ಲಿ ನಾನು ಪ್ರತಿ ವರ್ಷ ಕಪಾಟಿನ ಬಾಗಿಲಿಗೆ ಒಂದು ಬೊಟ್ಟು ಕುಂಕುಮ, ಒಂದು ಚೆಂಡು ಹೂವು ಇಟ್ಟು ಮುಗಿಸುತ್ತಿದ್ದೆ. ಆ ವರ್ಷ ನಿಶಾಂತನಿಗೆ ಫೋಟೊ ಬೇಕಾಗಿತ್ತು. ನನ್ನನ್ನು ನರಸೀಪುರದ ಪೂಜೆ ನೋಡಿಕೊಳ್ಳಲು ಕಳಿಸಿದರು.

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಕಪಾಟು ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಕಂಪನಿಯ ಸಮಸ್ತವೂ ಇದ್ದ ಡಿಸ್ಕ್ ಪೆಟ್ಟಿಗೆಯ ವೈರು ಕಿತ್ತು, ಹೊರಗೆ ತಂದು, ಬಾಳೆಕಂಬದ ನಡುವೆ, ದಬ್ಬಣಗಳ ಪಕ್ಕದಲ್ಲಿ ಇಟ್ಟರು. ಅದು ಇನ್ನೂ ಬೆಚ್ಚಗಿತ್ತಂತೆ. ಗಾಳಿ ಆಡಲೆಂದು ಅದರ ಮೇಲ್ಭಾಗದಲ್ಲಿ ಕಿಂಡಿಗಳಿರುತ್ತವೆ. ಮಾಲೀಕರು ಭಕ್ತಿಯಿಂದ, ತುಸು ಜೋರಾಗಿಯೇ, ಕಾಯಿ ಒಡೆದರು. ನೀರು ಕಿಂಡಿಯೊಳಕ್ಕೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೊ ಚೆನ್ನಾಗಿ ಬಂದಿದೆ, ನಾನೂ ನೋಡಿದ್ದೇನೆ.

ಸರ್ವರನ್ನು ಆರಿಸಿರಲಿಲ್ಲ. ಸಂಜೆಯಾಯಿತು. ನಿಶಾಂತನ ಸ್ಕ್ರಿಪ್ಟು ತನ್ನ ಹೊತ್ತಿಗೆ ಎದ್ದು, ಡಿಸ್ಕ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲದ್ದನ್ನು ಕಂಡು, ಅದೇ ಅಸಲು ಎಂದು ನಂಬಿ, ನಕಲನ್ನೂ ಹಾಗೆಯೇ ಖಾಲಿ ಮಾಡಿ, ಕೆಲಸ ಯಶಸ್ವಿ ಎಂದು ಬರೆದು ಮಲಗಿತು.

ಮಾರನೆಯ ದಿನ ವಿಜಯದಶಮಿಯ ರಜೆ. ಅದರ ಮಾರನೆಯ ಬೆಳಿಗ್ಗೆ ನಾನು ಕಚೇರಿಗೆ ಹೋಗುವಷ್ಟರಲ್ಲಿ ಪೆಟ್ಟಿಗೆಯನ್ನು ಒಳಗೆ ತಂದು ವೈರು ಸಿಕ್ಕಿಸಿದ್ದರು. ಬಾಗಿಲಲ್ಲೇ ಮೂಗಿಗೆ ಬಡಿಯಿತು, ಸುಟ್ಟ ಸಿಹಿ ವಾಸನೆ. ಪೆಟ್ಟಿಗೆ ಸತ್ತಿತ್ತು. “ಏನೂ ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ,” ಎಂದು ನಿಶಾಂತ ನಕಲನ್ನು ತೆರೆದ. ತೊಳೆದು ಮಗುಚಿ ಹಾಕಿದ ಪಾತ್ರೆಯಂತೆ ಖಾಲಿ. ಅವನ ಮುಖದಲ್ಲಿ ಪದವಿಯ ಗುರುತು ಒಂದೂ ಉಳಿದಿರಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ಮಹದೇವಮ್ಮ.

“ಸಾ, ನಮ್ ಸ್ಕ್ರಿಪ್ಟು ಮುನಿಸ್ಕಂಡು ಕೂತದೆ. ಅಬ್ಬದ ದಿನ್ವೇ ನಿಂತೋಗದೆ. ಬಂದು ನೋಡಿ ಅಂತದೆ, ಏನ್ ನೋಡ್ಲಿ?”

“ಅಲ್ಲಿಯ ನಕಲು?”

“ಅದದೆ. ಅಬ್ಬದ ಮುಂಚಿನ ದಿನದ್ದು.”

“ಏನನ್ನೂ ಮುಟ್ಟಬೇಡ. ಯಾರು ಹೇಳಿದರೂ ಓಡಿಸಬೇಡ. ಬರುತ್ತಿದ್ದೇನೆ.”

“ಅದೇ ಮುಟ್ಟಿಲ್ಲ, ನಾನ್ಯಾಕ್ ಮುಟ್ಲಿ ಬುಡಿ ಸಾ.”

ಮಾಲೀಕರ ಕಾರು ಕೇಳಿ ಪಡೆದು ಹೊರಟೆ. ನಾನು ದಾರಿಯಲ್ಲಿದ್ದಾಗ ನಡೆದದ್ದನ್ನು ಅವಳೇ ಹೇಳಿದಳು. ನಿಶಾಂತ ಫೋನು ಮಾಡಿ, ಆ ಸ್ಕ್ರಿಪ್ಟಿನ ನೋಡುವ ಸಾಲುಗಳನ್ನು ತೆಗೆದು ಈಗಲೇ ಓಡಿಸು, ಎರಡೂ ಕಡೆ ಸರಿಹೊಂದಿಕೊಳ್ಳುತ್ತದೆ ಎಂದನಂತೆ. ಸರಿಹೊಂದಿಕೊಳ್ಳುತ್ತಿತ್ತು, ನಿಜ: ಅಲ್ಲಿಯೂ ಸೊನ್ನೆ, ಇಲ್ಲಿಯೂ ಸೊನ್ನೆ. ಅವಳು ಸಾ ಬರಲಿ ಎಂದಳಂತೆ. ನಾನು ಹೆಡ್ಡು, ಹೇಳಿದ್ದು ಮಾಡು ಎಂದನಂತೆ. ಬರಲಿ ಎಂದಳಂತೆ. ನಿನ್ನ ಗುತ್ತಿಗೆಯ ಕಾಗದ ನನ್ನ ಮೇಜಿನ ಮೇಲಿದೆ ಗೊತ್ತಿರಲಿ ಎಂದನಂತೆ.

ನಾನು ಹೋದಾಗ ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಿದ್ದಳು. ಮಡಿಲಲ್ಲಿ ನೆಟ್‌ವರ್ಕ್ ಕೇಬಲ್ಲು, ಸುರುಳಿ ಸುತ್ತಿಕೊಂಡು ಎರಡು ಕೈಯಲ್ಲೂ ಹಿಡಿದಿದ್ದಳು. ಕಣ್ಣು ಕೆಂಪಾಗಿತ್ತು.

“ಇದ್ಯಾಕೆ?” ಎಂದೆ.

“ನಾನ್ ಓಡುಸ್ನಿಲ್ಲ ಅಂತ ಅವ್ರು ಅಲ್ಲಿಂದ್ಲೇ ಓಡುಸ್ಬುಟ್ರೆ ಅಂತ ಕಿತ್ತು ಮಡಿಕಂಡೆ ಸಾ. ಕೆಲ್ಸ ಓಯ್ತದೆ ಅಲ್ವ?”

“ಕೇಬಲ್ಲನ್ನು ಇಷ್ಟು ಬಿಗಿಯಾಗಿ ಸುತ್ತಬಾರದು, ಒಳಗೆ ತುಂಡಾಗುತ್ತದೆ,” ಎಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಆ ಹೊತ್ತಿನಲ್ಲಿ ಅದಕ್ಕಿಂತ ಉತ್ತಮವಾದ ಮಾತು ನನಗೆ ಹೊಳೆಯಲಿಲ್ಲ.

ನಕಲು ಇಟ್ಟದ್ದು ಇಟ್ಟಂತೆಯೇ ಇತ್ತು. ಅದರಿಂದ ಇನ್ನೊಂದು ಪ್ರತಿ ಮಾಡಿಕೊಂಡು ನಂಜನಗೂಡಿಗೆ ತಂದೆ. ಸಂಜೆಯೊಳಗೆ ಕಂಪನಿ ಎದ್ದು ನಿಂತಿತು. ಪೂಜೆಯ ದಿನ ಹೇಗೂ ಕೆಲಸ ನಡೆದಿರಲಿಲ್ಲವಾದ್ದರಿಂದ ಕಳೆದುಕೊಂಡದ್ದೂ ಏನಿರಲಿಲ್ಲ.

ಕಳೆದುಕೊಂಡಿದ್ದರೆ ಚೆನ್ನಾಗಿತ್ತು ಎಂದು ಆ ವಾರದ ಮೀಟಿಂಗಿನಲ್ಲಿ ಅನಿಸಿತು. ಪೂರ್ತಿ ಉಳಿದದ್ದರಿಂದ ಯಾರಿಗೂ ಭಯವೇ ಆಗಿರಲಿಲ್ಲ. ನಿಶಾಂತ ಶುಭ್ರವಾದ ಅಂಗಿ ತೊಟ್ಟು ಬಂದು, ಆಟೊಮೇಷನ್ ನಮ್ಮನ್ನು ಕಾಪಾಡಿತು ಎಂದು ಚಿತ್ರಗಳ ಸಮೇತ ವಿವರಿಸಿದ. ನರಸೀಪುರದ ಸ್ಕ್ರಿಪ್ಟನ್ನೇ ಇನ್ನು ಮೇಲೆ ಎರಡೂ ಕಡೆ ಬಳಸೋಣ ಎಂದ. ಅದು ಅಷ್ಟು ಚೆನ್ನಾಗಿರುವುದರಿಂದ ಅಲ್ಲಿ ಮನುಷ್ಯರ ಅಗತ್ಯವಿಲ್ಲ ಎಂದ. ಆ ಹೆಂಗಸು ತನ್ನ ಆದೇಶ ಮೀರಿದ್ದನ್ನೂ ಸೇರಿಸಿದ. ಮಾಲೀಕರು ತಲೆದೂಗಿದರು. ನಾಚಿಕೆ ಎಂಬುದು ಡಿಗ್ರಿಯ ಜೊತೆ ಕೊಡುವ ವಸ್ತುವಲ್ಲ, ಮನೆಯಿಂದ ತರಬೇಕು.

“ಆ ಸ್ಕ್ರಿಪ್ಟು ಮಾಡಿದ್ದೇನು?” ಎಂದು ಕೇಳಿದೆ. “ನಿಂತು ಕೂಗಿತು. ಬಂದು ನೋಡಿ ಎಂದಿತು. ಬಂದು ನೋಡಲು ಅಲ್ಲಿ ಯಾರೂ ಇಲ್ಲದಿದ್ದರೆ ಖಾಲಿ ಕೋಣೆಯಲ್ಲಿ ಕೂಗುತ್ತಾ ಇರುತ್ತಿತ್ತು. ಇವರು ಅಷ್ಟರೊಳಗೆ ಅಲ್ಲಿಯ ನಕಲನ್ನೂ ಅಳಿಸುತ್ತಿದ್ದರು.”

“ಅದೆಲ್ಲ ಸರಿ ಕಣ್ರೀ ಏರ್‌ಫೋರ್ಸು,” ಎಂದರು ಮಾಲೀಕರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. “ಪಾಲುದಾರರಿಗೆ ಮಾತು ಕೊಟ್ಟಾಗಿದೆ. ಒಬ್ಬರು ಹೋಗ್ಲೇಬೇಕಲ್ಲ?”

“ಒಬ್ಬರು ತಾನೇ? ನನ್ನ ಈ ವರ್ಷದ ಪತ್ರಕ್ಕೆ ನೀವಿನ್ನೂ ಸಹಿ ಹಾಕಿಲ್ಲ. ಹಾಕಬೇಡಿ. ಎರಡೂ ಕಡೆಯ ಜವಾಬ್ದಾರಿ ಮಹದೇವಮ್ಮನಿಗೆ ಕೊಡಿ, ಗುತ್ತಿಗೆ ತೆಗೆದು ಕಾಯಂ ಮಾಡಿ.”

“ಪಿಯುಸಿ ಹೆಂಗಸು ಕಣ್ರೀ ಅವಳು.”

“ಅವತ್ತು ನಿಮ್ಮ ಕಂಪನಿ ಉಳಿದಿದ್ದು ಅವಳ ಮಡಿಲಲ್ಲಿ.”

ಮಾಲೀಕರು ನಿಶಾಂತನ ಕಡೆ ನೋಡಿದರು. ನಿಶಾಂತ ಫೋನು ನೋಡಿದ. ಎರಡೂ ಕಡೆಯ ಪಾಸ್‌ವರ್ಡುಗಳು, ಯಾವ ವೈರು ಎಲ್ಲಿ ಹೋಗುತ್ತದೆ ಎಂಬ ವಿವರ, ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳಿಗೆ ಮಾತ್ರ. ಇಬ್ಬರೂ ಒಟ್ಟಿಗೆ ಹೋದರೆ ಏನಾಗುತ್ತದೆ ಎಂಬ ಲೆಕ್ಕ ಮಾಲೀಕರಿಗೆ ನಿಧಾನವಾಗಿಯಾದರೂ ಹೊಳೆಯಿತು. ವ್ಯಾಪಾರಸ್ಥರಿಗೆ ಹೊಳೆಯುವುದು ಅಂಥ ಲೆಕ್ಕವೊಂದೇ.

ಇದನ್ನು ತ್ಯಾಗ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನನಗೆ ಪಿಂಚಣಿಯಿತ್ತು, ಬೆಳಿಗ್ಗೆ ವಾಕಿಂಗ್ ಇತ್ತು. ಆ ಹುಡುಗನ ಅಂಕಲ್ ಆಗಿ ಇನ್ನೊಂದು ವರ್ಷ ಆ ಕೋಣೆಯಲ್ಲಿ ಕೂರುವ ತಾಳ್ಮೆ ಇರಲಿಲ್ಲ. ನಾನು ಹೋಗಬೇಕಾಗಿತ್ತು, ಅವಳು ಇರಬೇಕಾಗಿತ್ತು. ಎರಡೂ ಒಂದೇ ಸಲ ಆಯಿತು.

ಜವಾಬ್ದಾರಿ ವಹಿಸಿಕೊಡುವುದನ್ನು ಪಡೆಯಲ್ಲಿ ಕಲಿತಂತೆ ಮಾಡಿದೆ. ಒಂದೊಂದು ಯಂತ್ರದ ಮುಂದೆಯೂ ನಿಂತು ನಾನು ಹೇಳುವುದು, ಅವಳು ಮತ್ತೆ ಹೇಳುವುದು. “ಮದ್ವೆ ಮಂತ್ರ ಏಳ್ಸ್‌ದಂಗ್ ಏಳುಸ್ತೀರಲ್ಲ ಸಾ,” ಎಂದು ನಕ್ಕಳು. ಆದರೂ ಒಂದನ್ನೂ ಬಿಡದೆ ಹೇಳಿದಳು. ಕೊನೆಯ ದಿನ ಕಚೇರಿಯಲ್ಲಿ ನನಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿಶಾಂತ ಭಾಷಣ ಮಾಡಿದ. ಹಣ್ಣು ಮಾತ್ರ ಚೆನ್ನಾಗಿತ್ತು.

ಬಿಟ್ಟ ಮೇಲೂ ಸಂಜೆಯಾದರೆ ಕೈ ಸುಮ್ಮನಿರುತ್ತಿರಲಿಲ್ಲ. ಆ ಹೊತ್ತಿಗೆ ನಕಲು ಓಡುತ್ತಿರುತ್ತದೆ, ಸರಿಯಾಗಿ ಆಯಿತೋ ಇಲ್ಲವೋ ಎಂದು ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ತಡೆಯಲಾರದೆ ಬೆಳಿಗ್ಗೆಯೇ ನರಸೀಪುರಕ್ಕೆ ಫೋನು ಮಾಡಿದೆ. ಹಿಂದೆ ಲಾರಿಯ ಹಾರನ್ನು ಕೇಳಿಸುತ್ತಿತ್ತು. ಮಹದೇವಮ್ಮ ಊಟ, ಆರೋಗ್ಯ, ಮಂಡಿನೋವು ಎಲ್ಲ ವಿಚಾರಿಸಿದಳು. ತಾನೂ ಚೆನ್ನಾಗಿದ್ದೇನೆ ಎಂದಳು.

“ನಿನ್ನೆ ಸಂಜೆಯ ನಕಲು ಪೂರ್ತಿ ಆಯಿತೇನಮ್ಮ?” ಎಂದು ಕೇಳಿದೆ.

ಆ ಕಡೆ ಕುರ್ಚಿ ಕಿರುಗುಟ್ಟಿತು, ಮಡಚಿದ ಕಾಲು ಕೆಳಗಿಳಿಸಿರಬೇಕು.

“ಸಾ, ಬೇಜಾರ್ ಮಾಡ್ಕಬೇಡಿ,” ಎಂದಳು ಆಮೇಲೆ. “ನೀವೀಗ ಕಂಪ್ನಿಯವ್ರಲ್ಲ. ಒರಗಿನವ್ರಿಗೆ ಅದ್ನೆಲ್ಲ ಏಳಂಗಿಲ್ಲ ಕಣ್ಸಾ.”

“ಹಾಗೆಂದು ನಿನಗೆ ಹೇಳಿದವರು ಯಾರು?”

“ಯಾರೂ ಏಳಿಲ್ಲ. ನಂಗೇ ಅನ್ನುಸ್ತು.”

ಸರಿ ಎಂದು ಫೋನು ಇಟ್ಟೆ. ಆ ಕಂಪನಿಯಲ್ಲಿ ಆ ವರ್ಷವಿಡೀ ನಾನು ಕೇಳಿದ ಸರಿಯಾದ ಉತ್ತರ ಅದೊಂದೇ.